ಅಕ್ಕನ ಬಾಗಿಲ ಮುಂದಿನ ತಗಡು

ಚರಂಡಿಯ ಬಾಯಿ ಮುಚ್ಚಿದರೆ ಮಳೆನೀರು ಮನೆಗೆ ನುಗ್ಗುತ್ತದೆ. ಇದನ್ನು ತಿಳಿಯಲು ಶಾಲೆಗೆ ಹೋಗಬೇಕಿಲ್ಲ, ನಾನೂ ಹೋಗಿಲ್ಲ. ಆದರೂ ಪೇಟೆಬೀದಿಯಲ್ಲಿ ಕಾರಿನ ರೇಸು ನಡೆಸಲು ಬಂದವರು ಮೊದಲು ಮಾಡಿದ ಕೆಲಸವೇ ಅದು.

ಆ ವಾರ ರೇಸಿನವರಿಂದ ಎಲ್ಲರ ಫೋನಿಗೂ ಹವಾಮಾನದ ಮುನ್ಸೂಚನೆ ಬಂತು. ಶುಕ್ರವಾರ ಬಿಸಿಲು, ಶನಿವಾರ ಮೋಡ, ಭಾನುವಾರ ಮಧ್ಯಾಹ್ನ ಜೋರು ಮಳೆ ಬರಬಹುದು. ಬಂದರೆ ಯಾವ ಟೈರು ಒಳ್ಳೆಯದು, ಯಾವ ತಿರುವು ಜಾರುತ್ತದೆ, ಎಲ್ಲ ಬರೆದಿದ್ದರು. ಬೀದಿಯ ಹಿನ್ನೆಲೆಯೂ ಇತ್ತು: ಹಳೆಯ ಕಟ್ಟಡಗಳು, ಚೆಂದದ ಬಾಲ್ಕನಿಗಳು. ಆ ಕಟ್ಟಡಗಳ ಬುಡದಲ್ಲಿ, ರಸ್ತೆಗಿಂತ ತಗ್ಗಿನ ಕೋಣೆಗಳಲ್ಲಿ ಜನ ಬದುಕುತ್ತಾರೆ ಎಂಬ ಒಂದು ಸಾಲು ಮಾತ್ರ ಇರಲಿಲ್ಲ.

ಅಂಥದೊಂದು ಕೋಣೆಯಲ್ಲಿ ಬಟ್ಟೆ ಇಸ್ತ್ರಿ ಮಾಡುವ ಹೆಂಗಸೊಬ್ಬಳಿದ್ದಾಳೆ. ಗಂಡ ಲಾರಿ ಓಡಿಸುತ್ತಿದ್ದವ, ಲಕ್ವ ಹೊಡೆದು ಮಂಚ ಹಿಡಿದಿದ್ದ. ಅವಳ ತಮ್ಮ ವೆಲ್ಡರ್; ಬೀದಿಯಲ್ಲಿ ಅವನ ಹೆಸರು ಕಿಡಿ.

ರೇಸಿನ ಕಾರು ಹೋಗುವ ರಭಸಕ್ಕೆ ಚರಂಡಿಯ ಜಾಲರಿ ಎದ್ದು ಬರುತ್ತದಂತೆ. ಅದಕ್ಕೆ ಪ್ರತಿ ಜಾಲರಿಯ ಮೇಲೂ ದಪ್ಪ ತಗಡು ಕೂರಿಸಿ ಬೆಸೆಯುವ ಕೆಲಸ ಕಿಡಿಗೆ ಸಿಕ್ಕಿತು. ನಾಲ್ಕು ಮೂಲೆಗೆ ನಾಲ್ಕು ಚುಕ್ಕೆ ಬೆಸುಗೆ ಹಾಕಿ ಬಿಡುವುದು ರೂಢಿ. ಅಂಚಿನ ಸಂದಿಯಲ್ಲಿ ನೀರು ಇಳಿಯುತ್ತದೆ, ಬೇಕೆಂದಾಗ ಉಳಿಗೆ ಎರಡು ಪೆಟ್ಟು ಕೊಟ್ಟರೆ ತಗಡು ಕಿತ್ತು ಬರುತ್ತದೆ.

ಪರೀಕ್ಷೆಗೆಂದು ಕಾರು ಓಡಿಸಿದ ದಿನ ತಗಡುಗಳೆಲ್ಲ ದಡದಡ ಎಂದವು. ಮಂಚದ ಮೇಲಿದ್ದ ಕಿಡಿಯ ಭಾವ ಪ್ರತಿ ಸದ್ದಿಗೂ ಬೆಚ್ಚಿಬಿದ್ದ. ಮೂರು ದಿನ ಇದೇ ಆದರೆ ಇವರ ಗತಿ ಏನೋ ಎಂದು ಅಕ್ಕ ಕಣ್ಣೊರೆಸಿಕೊಂಡಳು.

"ಅಳ್ಬೇಡ ಸುಮ್ನಿರಕ್ಕ. ನಿನ್ನ ಬಾಗಿಲ ಮುಂದಿಂದು ಕಿಟಕ್ ಅನ್ನದ ಹಾಗೆ ಮಾಡ್ತೀನಿ."

"ಲೇ ಭಾಮೈದ," ಎಂದ ಭಾವ, ಸೊಟ್ಟಬಾಯಲ್ಲೇ ನಗುತ್ತ. "ನಿನ್ನ ಕೈ ಸುಮ್ನಿರಲ್ಲ. ನನ್ನೂ ಸೇರಿಸಿ ಬೆಸೆದುಬಿಟ್ಟೀಯ!"

"ನಿನ್ನನ್ನ ಬೆಸೆಯೋಕೆ ರಾಡು ದಂಡ ಕಣೋ ಭಾವ."

ಕಿಡಿ ಆ ಒಂದು ತಗಡಿಗೆ ಸುತ್ತಲೂ, ಒಂದು ಎಳೆ ಸಂದಿಯೂ ಬಿಡದೆ ಬೆಸುಗೆ ಎಳೆದ. ಪ್ರೀತಿಗೆ ಮಾಡಿದ ಕೆಲಸ. ಶುಕ್ರವಾರ, ಶನಿವಾರ ಎರಡೂ ದಿನ ಭಾವ ನಿದ್ದೆ ಮಾಡಿದ.

ಭಾನುವಾರ ಮುನ್ಸೂಚನೆ ಸುಳ್ಳಾಗಲಿಲ್ಲ. ಬೀದಿಯ ನೀರೆಲ್ಲ ತಗ್ಗಿಗೆ, ಅಕ್ಕನ ಬಾಗಿಲಿಗೇ ಹರಿದು ಬಂತು. ರೇಸು ನಿಲ್ಲಿಸಿದರು. ಹಾದಿ ಒಣಗಿಸುವ ಯಂತ್ರಗಳು ಬಂದು, ರಸ್ತೆಯ ನೀರನ್ನು ಗುಡಿಸಿ ಗುಡಿಸಿ ಅಂಚಿಗೆ ತಳ್ಳಿದವು. ಅಂಚಿನಲ್ಲಿ ಇದ್ದದ್ದು ಅವಳ ಮೆಟ್ಟಿಲು. ಅಕ್ಕ ಬಕೆಟ್ಟಿನಲ್ಲಿ ಎತ್ತಿ ಹೊರಗೆ ಚೆಲ್ಲಿದಳು, ಯಂತ್ರ ಮತ್ತೆ ಒಳಗೆ ತಳ್ಳಿತು.

ಕಿಡಿ ಕಬ್ಬಿಣ ಕತ್ತರಿಸುವ ಗ್ರೈಂಡರ್ ಹೊತ್ತುಕೊಂಡು ಓಡಿ ಬಂದ. ರೇಸಿಗೆಂದು ಬೀದಿಗೆ ಹಾಕಿದ್ದ ಬೇಲಿಯ ಬಳಿ ಕಾವಲಿನವ ತಡೆದ.

"ಪಾಸ್ ಇದೆಯಾ?"

"ಅಣ್ಣಾ, ನಮ್ಮ ಭಾವ ಎದ್ದು ಓಡೋ ಮನುಷ್ಯ ಅಲ್ಲ. ಆ ತಗಡು ಒಂದು ಕತ್ತರಿಸಿ ಬಂದುಬಿಡ್ತೀನಿ, ಕೈ ಮುಗೀತೀನಿ."

"ತಗಡು ತೆಗೆದ್ರೆ ಕಾರು ಓಡುತ್ತಾ? ರೇಸ್ ಮುಗೀಲಿ, ಆಮೇಲೆ ಏನಾದ್ರೂ ಮಾಡ್ಕೋ."

ಅಕ್ಕ ಗಂಡನನ್ನು ಒಬ್ಬಳೇ ಎಳೆದು ಇಸ್ತ್ರಿ ಮೇಜಿನ ಮೇಲೆ ಹಾಕಿದಳು. ನೀರು ಮೇಜಿನ ಮಟ್ಟಕ್ಕೂ ಬಂತು. ಹೊರಗೆ ಮಳೆ ನಿಂತು ಕಾರುಗಳು ಹೊರಟವು, ಹವಾಮಾನ ಕೊನೆಗೂ ಕೈಹಿಡಿಯಿತೆಂದು ಧ್ವನಿವರ್ಧಕ ಕೂಗಿತು. ಕತ್ತಿನವರೆಗೆ ನೆನೆದು ಮಲಗಿದ್ದ ಭಾವನಿಗೆ ಎದೆಯಲ್ಲಿ ಕಫ ಕಟ್ಟಿತು. ಆಸ್ಪತ್ರೆಗೆ ಸೇರಿದವನು ಜೀವಂತ ಮರಳಿ ಬರಲಿಲ್ಲ.

ದೂರು ಕೊಡಲು ಹೋದ ಅಕ್ಕನಿಗೆ ರೇಸಿನ ಕಚೇರಿಯವರು ಕುರ್ಚಿ ಕೊಟ್ಟು, ಮೆತ್ತಗೆ ಹೇಳಿದರು: "ನೀವು ಕೊಡಿ ಅಮ್ಮ, ಬೇಡ ಅನ್ನಲ್ಲ. ಆದ್ರೆ ನಾವು ಹೇಳಿದ್ದು ನಾಲ್ಕು ಚುಕ್ಕೆ. ಸುತ್ತ ಬೆಸೆದಿದ್ದು ನಿಮ್ಮ ತಮ್ಮ. ಒಳಗೆ ಹೋಗೋನು ಅವನೇ."

ಅಕ್ಕ ಎದ್ದು ಬಂದಳು. "ಒಬ್ಬನ್ನ ಕಳ್ಕೊಂಡಿದ್ದು ಸಾಲ್ದಾ?" ಎಂದಳು ನನಗೆ. ಕಿಡಿ ಈಗ ಬೆಸುಗೆಯ ಕೆಲಸ ಮುಟ್ಟುವುದಿಲ್ಲ, ಅಕ್ಕನ ಮನೆಯ ಮೆಟ್ಟಿಲಿಳಿಯುವುದಿಲ್ಲ. ಅವಳು ಕರೆದು ಕರೆದು ಸೋತಿದ್ದಾಳೆ.

ಬೆಸುಗೆ ಅವನದು, ನಿಜ. ಬೇಲಿ ಯಾರದು? ನೀರು ತಳ್ಳಿದ ಯಂತ್ರ ಯಾರದು? ಕೇಳಲು ಸಾಕ್ಷಿ ಬೇಕು, ಅವಳ ಬಳಿ ಇಲ್ಲ.

ನಿಮ್ಮ ಬಳಿ ಇದೆ. ರೇಸು ನೋಡಲು ಬಂದು ಅವಳ ತಲೆಯ ಮೇಲಿನ ಬಾಲ್ಕನಿಯಲ್ಲಿ ಕೂತು, ಮಳೆ ನಿಲ್ಲಲೆಂದು ಕಾಯುತ್ತ, ಬೇಜಾರು ಕಳೆಯಲು ನೀವು ಕೆಳಗಿನ ಬೀದಿಯನ್ನು ಫೋನಿನಲ್ಲಿ ಚಿತ್ರಿಸಿಕೊಂಡಿರಿ. ಆ ಚಿತ್ರದ ಮೂಲೆಯಲ್ಲಿ ಬಕೆಟ್ ಹಿಡಿದ ಹೆಂಗಸಿದ್ದಾಳೆ, ಬೇಲಿಯಾಚೆ ಗ್ರೈಂಡರ್ ಹಿಡಿದು ಕೈಮುಗಿದವನಿದ್ದಾನೆ. ಅಳಿಸಬೇಡಿ. ಇವತ್ತೇ ಪೊಲೀಸ್ ಠಾಣೆಗೆ ಒಯ್ದು, ಇದನ್ನು ನಾನು ನೋಡಿದೆ ಎಂದು ನಿಮ್ಮ ಹೆಸರು ಬರೆದು ಸಹಿ ಹಾಕಿ.