ನಿಂತು ನಿಂತು ಓಡಿದ ಡಿಸ್ಕು

ಓದ್ತಾ ಇರೋ ಅಣ್ಣಂದಿರು, ಅಕ್ಕಂದಿರು ಎಲ್ರಿಗೂ ನಮಸ್ಕಾರ. ಮೊದ್ಲೇ ಹೇಳ್ಬುಡ್ತೀನಿ, ನಾನು ಮೀಸೆ ಬಂದ್ಮೇಲೆ ಎಸ್ಸೆಲ್ಸಿ ಕಟ್ಟಿದೋನು. ಟೈಪ್ ಮಾಡೋದು ಒಂದೇ ಬೆರಳಲ್ಲಿ. ಒತ್ತಕ್ಷರ ಹುಡುಕೋ ಹೊತ್ಗೆ ಏನು ಹೇಳ್ಬೇಕು ಅಂದ್ಕಂಡಿದ್ನೋ ಅದೇ ಮರ್ತೋಗಿರ್ತದೆ. ತಪ್ಪು ಕಂಡ್ರೆ ನಕ್ಕು ಮುಂದಕ್ಕೆ ಹೋಗ್ಬುಡಿ.

ಮದ್ದೂರಲ್ಲಿ ನಂದೊಂದು ಸಣ್ಣ ಸ್ಟುಡಿಯೋ. ಮದ್ವೆ, ನಾಮಕರಣ, ಗೃಹಪ್ರವೇಶ ಇವುನ್ನೆಲ್ಲ ವೀಡಿಯೋ ತೆಗೆದು, ಲ್ಯಾಪ್‌ಟಾಪಲ್ಲಿ ಎಡಿಟ್ ಮಾಡಿ ಕೊಡೋದು ಕಸುಬು. ಈ ಕಸುಬಲ್ಲಿ ನನ್ನ ಪ್ರಾಣ ಹಿಂಡೋದು ಕ್ಯಾಮ್ರಾ ಅಲ್ಲ, ಜಾಗ. ಲ್ಯಾಪ್‌ಟಾಪ್ ಒಳ್ಗಿರೋ ಜಾಗ. ಎಡಿಟಿಂಗ್ ಅಂದ್ರೆ ಬೇಡದ್ದು ಕತ್ತರಿಸೋದು ಅಂತ ನಾನು ಕಲ್ತಿದ್ದು. ನಮ್ ಕಡೆ ಅದು ನಡಿಯಲ್ಲ. ಇಲ್ಲಿ ಏನಿದ್ರೂ ಅಂಟಿಸ್ಬೇಕು, ಕತ್ತರಿಸಂಗಿಲ್ಲ. ಬೀಗರೂಟದಲ್ಲಿ ಯಾರೋ ಮುದ್ದೆ ನುಂಗೋದು ಚೂರು ಕಮ್ಮಿ ಮಾಡಿದ್ರೆ, "ನಮ್ ದೊಡ್ಡವ್ವ ಉಂಡಿದ್ದು ಎಲ್ಲೋಯ್ತು? ಅವ್ಳೇನು ಉಪಾಸ ಬಂದೋದ್ಳಾ?" ಅಂತ ಅಂಗಡಿ ಬಾಗ್ಲಲ್ಲಿ ನಿಂತು ಕೇಳ್ತಾರೆ. ಹಿಂಗಾಗಿ ಒಂದು ಮದ್ವೆ ತುಂಬಿದ್ರೆ ನನ್ನ ಲ್ಯಾಪ್‌ಟಾಪ್ ಹೊಟ್ಟೆ ಉಬ್ಬಿದ ಎಮ್ಮೆ ಥರ ಮಲಿಕ್ಕಂಬುಡ್ತಿತ್ತು.

ಅದಿಕ್ಕೇ ಒಂದು ಎಕ್ಸ್‌ಟರ್ನಲ್ ಡಿಸ್ಕು ತಂದೆ. ಹಳೇ ಕಾಲದ್ದಲ್ಲ, ಒಳಗೆ ಚಕ್ರ ತಿರುಗ್ದೆ ಇರೋ ಹೊಸ ಥರದ್ದು. ಅಂಗೈಲಿ ಮುಚ್ಕಬೌದು, ಅರ್ಧ ಸೋಪಿನಷ್ಟು. ಡಬ್ಬದ ಮೇಲೆ ಮಿಂಚಿನ ಚಿತ್ರ. ವೀಡಿಯೋ ಎಲ್ಲಾ ಅದರಲ್ಲೇ ಇಟ್ಕಂಡು, ವೈರಲ್ಲಿ ಲ್ಯಾಪ್‌ಟಾಪಿಗೆ ಸಿಗಿಸಿ, ಅಲ್ಲಿಂದಲೇ ಎಡಿಟ್ ಮಾಡೋದು. ಮೊದಲ್ನೇ ಮದ್ವೆ ಎಡಿಟ್ ಮಾಡಿದಾಗ ಎಣ್ಣೆ ಹಾಕ್ದಂಗೆ ಓಡ್ತು. ಅಕ್ಕಪಕ್ಕದ ಅಂಗಡಿಯೋರ್ನೆಲ್ಲ ಕರ್ದು ತೋರಿಸ್ದೆ. ತೋರಿಸ್ಬಾರ್ದಾಗಿತ್ತು. ಆಮೇಲೆ ಅದೇನಾಯ್ತೋ, ವೀಡಿಯೋ ನಾಲ್ಕು ಹೆಜ್ಜೆ ಹಾಕೋದು, ನಿಲ್ಲೋದು. ಮದುವಣಗಿತ್ತಿ ರೆಪ್ಪೆ ಮುಚ್ಚಿದ್ರೆ ತೆಗಿಯಕ್ಕೆ ಒಂದು ಗಳಿಗೆ. ಡಿಸ್ಕನ್ನ ಬಿಚ್ಚಿ ಸಿಗಿಸ್ದೆ, ಬಾಯಲ್ಲಿ ಊದ್ದೆ, ಬಿಸಿ ಆಗಿರ್ಬೇಕು ಅಂತ ಟೇಬಲ್ ಫ್ಯಾನ್ ಅದರ ಕಡೆ ತಿರುಗಿಸಿ ನಾನು ಬೆವರ್ತಾ ಕೂತೆ. ಮಾರ್ದೋನಿಗೆ ಫೋನಲ್ಲೇ ಮೋಸಗಾರ ಅಂತ ಅಂದೆ. ನಮ್ಮವಳು ಮಂಜುಳ, "ಎಲ್ರಿಗೂ ತೋರಿಸ್ಕಂಡ್ರಲ್ಲ, ದೃಷ್ಟಿ ಬಿದ್ದದೆ" ಅಂತ ತೀರ್ಪು ಕೊಟ್ಳು.

ಇಂಥಾ ಟೈಮಲ್ಲೇ ಒಂದು ಮಧ್ಯಾಹ್ನ ಸುಮನ ಮದ್ವೆ ಪಂಚಾಯ್ತಿ ನನ್ ಅಂಗಡಿಗೆ ಬಂದಿದ್ದು.

ಸುಮ ಅಪ್ಪ ಇಲ್ದೆ ಬೆಳೆದ ಹುಡುಗಿ. ಸಾಕಿದೋರು ಮಳವಳ್ಳಿ ಕಡೆಯ ಸೋದರಮಾವ ಪುಟ್ಟಸ್ವಾಮಣ್ಣ. ಗಂಡು ಚೇತನ, ವಿ.ಸಿ. ಫಾರಂನ ಕೃಷಿ ಕಾಲೇಜಲ್ಲಿ ಕೆಲ್ಸ, ಹನಕೆರೆಯ ಜವರಣ್ಣನ ಮಗ. ಮದ್ವೆ ವೀಡಿಯೋ ತೆಗೆದೋನು ನಾನೇ. ನಮ್ಮಲ್ಲಿ ವೀಳ್ಯ ಅಂತ ಒಂದು ಶಾಸ್ತ್ರ ಅದೆ, ಗಂಡಿನೋರು ಹೆಣ್ಣಿನ ಕಡೆ ಹಿರೀಕ್ರಿಗೆ ಎಲೆ ಅಡಿಕೆ ಕೊಡ್ಬೇಕು, ಮೊದಲ್ನೇದು ಸೋದರಮಾವನಿಗೆ. ಅದು ನನ್ನ ಕೈಗೇ ಬರ್ಲಿಲ್ಲ ಅಂತ ಪುಟ್ಟಸ್ವಾಮಣ್ಣ ಅವತ್ತು ಊಟ ಮಾಡ್ದೆ ಎದ್ದೋಗಿದ್ರು. ಆಮೇಲೆ ಹುಡುಗಿ ತವರಿಗೆ ಅಂತ ಬಂದಾಗ, ಗಂಡಿನೋರು ತಪ್ಪಾಯ್ತು ಅನ್ನೋಗಂಟ ಕಳ್ಸಲ್ಲ ಅಂತ ಕೂತ್ಕಂಡ್ರು. ಕೊಟ್ಟಿದ್ದೀವಿ, ತಪ್ಪು ಅಂತ ಯಾಕನ್ಬೇಕು ಅಂತ ಜವರಣ್ಣ. ಮಧ್ಯದಲ್ಲಿ ಹುಡುಗಿ ಬಟ್ಟೆ ಬ್ಯಾಗು ಕಟ್ಟೋದು, ಬಿಚ್ಚೋದು. ಕೊನೆಗೆ, ವೀಡಿಯೋಲಿ ಏನಿದ್ಯೋ ಹಂಗೆ ಅಂತ ಇಬ್ರೂ ಒಪ್ಪಿ ಬಂದವ್ರೆ.

ವೀಡಿಯೋ ಎಲ್ಲದೆ? ಆ ಡಿಸ್ಕಲ್ಲಿ. ಕ್ಯಾಮ್ರಾ ಕಾರ್ಡು ಅಳಿಸಿ ಬೇರೆ ಮದ್ವೆಗೆ ಹಾಕಾಗಿತ್ತು. ಒಂದು ಹುಡುಗಿ ಸಂಸಾರ ನನ್ನ ಅರ್ಧ ಸೋಪಿನ ಮೇಲೆ ಕೂತಿತ್ತು.

ಇದ್ದಿದ್ದು ಎರಡು ಕುರ್ಚಿ. ಬೀಗ್ರಿಬ್ರೂ ಒಬ್ರ ಮುಖ ಒಬ್ರು ನೋಡ್ದಂಗೆ ಕೂತ್ರು. ಚೇತನ ಬಾಗ್ಲಿಗೆ ಒರಗಿದ್ದ, ಸುಮ ನನ್ನ ಹಿಂದೆ ನಿಂತ್ಲು. ನಾನು ವೀಡಿಯೋ ಬಿಟ್ಟೆ. ವಾಲಗದೋನು ಕೆನ್ನೆ ಉಬ್ಬಿಸ್ದ. ನಿಂತ್ಕತು. ಕೆನ್ನೆ ಉಬ್ಬೇ ಇತ್ತು.

"ಅದ್ಯಾಕ್ಲಾ ಅಂಗೆ ನಿಂತವ್ನೆ?" ಅಂದ್ರು ಪುಟ್ಟಸ್ವಾಮಣ್ಣ.

"ಡಿಸ್ಕು ಸ್ವಲ್ಪ ನಿಧಾನ ಕಣಣ್ಣ."

"ಡಬ್ಬದ್ ಮ್ಯಾಲೆ ಮಿಂಚು ಬರ್ದದೆ. ಇದ್ಕಿಂತ ನಮ್ಮೂರ್ ಬಸ್ಸೇ ವಾಸಿ ಕಣ್ಲಾ, ಕೆಟ್ಟೋದ್ರೆ ಇಳ್ದು ತಳ್ಳಾದ್ರೂ ತಳ್ಳಬೌದು."

ಜವರಣ್ಣ ಗೋಡೆಗೆ ಹೇಳಿದ್ರು, "ನಾನ್ ಕೊಟ್ಟಿವ್ನಿ. ಈ ಕೈಯಲ್ಲೇ ಕೊಟ್ಟಿವ್ನಿ."

"ಯಾರ್ಗೆ ಕೊಟ್ರಿ ಬೀಗ್ರೇ? ಮಂಟಪದ್ ಕಂಬಕ್ಕಾ?"

"ಸುಮ್ಕಿರು ಮಾವ," ಅಂದ್ಲು ಸುಮ. "ಕಂಬನೂ ಬತ್ತದೆ, ನೀನೂ ಬತ್ತೀಯ. ನೋಡಾನ."

ವೀಡಿಯೋ ಹಂಗೇ ತೆವಳ್ತಾ ವೀಳ್ಯದ ಜಾಗಕ್ಕೆ ಬಂತು. ನನಗೆ ಡಿಸ್ಕನ್ನ ಹೊತ್ಕಂಡೋಗಿ ಶಿಂಷಾ ಹೊಳೆಗೆ ಎಸೆದುಬುಡೋವಷ್ಟು ಕೋಪ. ಜವರಣ್ಣ ತಟ್ಟೆ ಹಿಡ್ಕಂಡು ಪುಟ್ಟಸ್ವಾಮಣ್ಣನ ಮುಂದೆ ಬಗ್ಗಿದ್ರು. ನಿಂತ್ಕತು.

"ನೋಡುದ್ರಾ! ನೋಡುದ್ರಾ!" ಅಂತ ಜವರಣ್ಣ ಕುರ್ಚಿ ಬಿಟ್ಟು ಎದ್ದೇ ಬುಟ್ರು.

ಒಂದು ಹೆಜ್ಜೆ ಓಡ್ತು. ಪುಟ್ಟಸ್ವಾಮಣ್ಣನ ಕೈ ತಟ್ಟೆ ಅಂಚಿನ ಮೇಲೆ. ನಿಂತ್ಕತು. ಇನ್ನೊಂದು ಹೆಜ್ಜೆ. ಆ ಕೈ ತಟ್ಟೇನ ಮೆತ್ತಗೆ ಪಕ್ಕಕ್ಕೆ ತಳ್ತಾ ಅದೆ, ಗಲ್ಲ ಪಕ್ಕದಲ್ಲಿ ಕೂತಿದ್ದ ಅವರ ಮುದುಕ ಚಿಕ್ಕಪ್ಪನ ಕಡೆ ತಿರುಗ್ತಾ ಅದೆ. ವಾಲಗದ ಸದ್ದಲ್ಲಿ ಮಾತು ಕೇಳಲ್ಲ, ಆದ್ರೆ ಮೊದ್ಲು ಅವ್ರಿಗೆ ಕೊಡಿ ಅಂತಾವ್ರೆ ಅಂತ ಮಗೂಗೂ ಗೊತ್ತಾಯ್ತದೆ. ನಿಂತ್ಕತು. ಆಮೇಲೆ ತಟ್ಟೆ ಚಿಕ್ಕಪ್ಪನ ಮುಂದೆ, ಅಲ್ಲಿಂದ ಆಚೆಗೆ, ಇನ್ನೂ ಆಚೆಗೆ. ವಾಪಸ್ ಬರ್ಲೇ ಇಲ್ಲ. ಕೊನೆಗೆ ನಿಂತ ಚಿತ್ರದಲ್ಲಿ ಪುಟ್ಟಸ್ವಾಮಣ್ಣನ ಎರಡು ಕೈ ಇನ್ನೂ ಮಡಿಲಲ್ಲಿ ಬಿಚ್ಕಂಡೇ ಇದ್ವು.



"ನಾನ್ ಅಂಗಂದಿದ್ನಾ?" ಅಂದ್ರು ಪುಟ್ಟಸ್ವಾಮಣ್ಣ, ಯಾವುದೋ ಪರವೂರಿನೋನ್ನ ನೋಡ್ದಂಗೆ ಅವ್ರನ್ನೇ ಅವ್ರು ನೋಡ್ತಾ.

"ಅಂದಿದ್ದೀಯ ಮಾವ," ಅಂದ್ಲು ಸುಮ. "ಮನೇಲೂ ಅಂಗೇ ಅಲ್ವಾ? ಮೊದ್ಲು ಮಗೀಗ್ ಇಕ್ಕಿ ಅಂತ ಸಾರಿನ್ ಚಟ್ಟಿ ತಳ್ಬುಡೋದು, ಆಮ್ಯಾಕೆ ತಳದ್ದು ಬಳ್ಕಂಡು ಉಣ್ಣೋದು." ಪುಟ್ಟಸ್ವಾಮಣ್ಣ ಹಿಂದಕ್ಕೆ ತಿರುಗ್ಲಿಲ್ಲ.

ಗೆದ್ದಿದ್ದು ಜವರಣ್ಣನೇ. ಆದ್ರೆ ಗೆದ್ದೋರ ಮುಖ ಹಂಗಿರಲ್ಲ. "ತಟ್ಟೆ ತಿರುಗ್ ತರ್ಬೇಕಾಗಿತ್ತು ನಾನು. ಆ ಗಲಾಟೇಲಿ..." ಅಂತ ಏನೋ ಗೊಣಗಿ ಚಪ್ಲಿ ಮೆಟ್ಕಂಡು ಆಚೆಗೋದ್ರು. ಕೋಪ ಮಾಡ್ಕಂಡು ಹೊಂಟೋದ್ರು ಅಂತ ನಾವು ಅಂದ್ಕಂಡ್ವಿ, ಚೇತನ ಅವರ ಹಿಂದೆ ಓಡಕ್ಕೆ ಹೋದ. ಅಷ್ಟ್ರಲ್ಲಿ ಎದುರು ಪೆಟ್ಟಿಗೆ ಅಂಗಡಿಯಿಂದ ಎಲೆ ಅಡಿಕೆ ಹಿಡ್ಕಂಡು ವಾಪಸ್ ಬಂದ್ರು. ತಟ್ಟೆ ಎಲ್ಲಿ ತರೋದು? ಮೇಜಿನ ಮೇಲಿದ್ದ ನನ್ನ ಡಿಸ್ಕಿನ ಡಬ್ಬದ ಮುಚ್ಚಳ ತಕಂಡು, ಅದರ ಮೇಲಿಟ್ಟು, ಮದ್ವೇಲಿ ಬಗ್ಗಿದಂಗೇ ಬಗ್ಗಿದ್ರು.

"ತಕಳಿ ಬೀಗ್ರೇ. ಪಕ್ಕದಲ್ಲಿ ಯಾರೂ ಇಲ್ಲ ಈಗ, ಗ್ವಾಡೆ ಮಾತ್ರ ಇರೋದು."

ಪುಟ್ಟಸ್ವಾಮಣ್ಣ ನಕ್ರೋ ಅತ್ರೋ ಗೊತ್ತಾಗ್ಲಿಲ್ಲ. ಎರಡೂ ಕೈಲಿ ತಕಂಡ್ರು. ಅಲ್ಲೇ ಎಲೆ ತೊಡೆಗೆ ಉಜ್ಜಿ, ಮಡಚಿ, ಬಾಯಿಗೆ ಹಾಕ್ಕಂಡ್ರು. ಆಮೇಲೆ ಸುಮನ್ನ ನೋಡಿ, "ಬ್ಯಾಗ್ ನಮ್ ಗಾಡೀಲೇ ಅದೆ ಕಣವ್ವ, ಬೆಳಗ್ಗೇ ಮಡಗಿದ್ದೆ" ಅಂದ್ರು. ಕೋಪದಲ್ಲಿ ಮನೆಯಿಂದ ಹೊಂಟೋರು ಬ್ಯಾಗ್ ಮಾತ್ರ ಮರ್ತಿರ್ಲಿಲ್ಲ ನೋಡಿ. ಸುಮ ಚೇತನನ ಬೈಕ್ ಹತ್ತಿ ಹನಕೆರೆ ಕಡೆ ಹೋದ್ಳು.

ನಾನು? ಬಾಯಿ ಬಿಟ್ಕಂಡು ನಿಂತಿದ್ದೆ. ಬೀರು ತುಂಬ ಕ್ಯಾಮ್ರಾ ಇಟ್ಕಂಡಿರೋನು, ಒಂದನ್ನೂ ಕೈಗೆ ತಕಳ್ಲಿಲ್ಲ.

ಇನ್ನು ಡಿಸ್ಕಿನ ದೃಷ್ಟಿ ವಿಷ್ಯ. ಅವತ್ತು ಮನೆಗೋದ್ರೆ ಅಡುಗೆ ಮನೆ ಸ್ಟ್ಯಾಂಡ್ ಮೇಲೆ ಮಂಜುಳನ ಫೋನು ಚಾರ್ಜ್ ಆಗ್ತಿತ್ತು, ಒಂದು ಗೇಣುದ್ದ ದಪ್ಪ ವೈರಲ್ಲಿ. ಡಿಸ್ಕಿನ ಜೊತೆ ಬಂದಿದ್ದ ವೈರು ಅದು! "ನಿಮ್ದು ಗಿಡ್ಡ, ಇಲ್ಲಿಗೆ ಸರ್ಯಾಗಿ ಕೂತ್ಕತದೆ. ನಂದು ಉದ್ದ, ನಿಮ್ ಬ್ಯಾಗಿಗಾಕಿದ್ದೆ. ವೈರ್ ವೈರೇ ತಾನೆ?" ಅಂದ್ಲು. ಹೌದು, ಮೂತಿ ಎರಡಕ್ಕೂ ಒಂದೇ, ಫೋನ್ ವೈರಲ್ಲಿ ವೀಡಿಯೋ ಹರಿಯೋ ದಾರಿ ಮಾತ್ರ ಕಿರಿದು. ಆದ್ರೆ ನಾಲೆ ತುಂಬ ನೀರು ಹರಿದ್ರೂ ತೂಬು ಕಿರಿದಾದ್ರೆ ಗದ್ದೆಗೆ ಬೀಳೋದು ಎಷ್ಟು? ಹುಟ್ಟಿದಾಗಿಂದ ನಾಲೆ ಪಕ್ಕ ಬೆಳೆದು ಇಷ್ಟು ಹೊಳೀಲಿಲ್ವಲ್ಲ ನಂಗೆ. ಚಾರ್ಜರ್ ವೈರನ್ನ ಸಿಗಿಸ್ಕಂಡು ಪಾಪ ಮಾರ್ದೋನ್ನ ಬೈದಿದ್ದೆ. ಫೋನ್ ಮಾಡಿ ಕ್ಷಮೆ ಕೇಳ್ದೆ. ಅವನು ಬಿದ್ದು ಬಿದ್ದು ನಕ್ಕ.

ಗಿಡ್ಡ ವೈರು ಸಿಗಿಸಿ ಅದೇ ವೀಳ್ಯದ ಜಾಗ ಇನ್ನೊಂದ್ ಸಲ ಬಿಟ್ಟು ನೋಡ್ದೆ. ಸರ್ರಂತ ಹೋಯ್ತು. ಆ ಕೈ ತಟ್ಟೇನ ತಳ್ಳಿದ್ದು ನಂಗೇ ಕಾಣ್ಲಿಲ್ಲ. ತಟ್ಟೆ ಬಂತು, ಹೋಯ್ತು, ಅಷ್ಟೇ.

ಮದ್ವೆ ವೀಡಿಯೋ ಇಸ್ಕಳಕ್ಕೆ ಪುಟ್ಟಸ್ವಾಮಣ್ಣನೇ ಬಂದ್ರು. ಪೂರ್ತಿ ನೋಡಿ, "ಇಲ್ಲಿ ನಿನ್ನಂಗಡೀಲಿ ಕೊಟ್ರಲ್ಲ ವೀಳ್ಯ, ಅದೆಲ್ಲೋ?" ಅಂದ್ರು.

"ಅದನ್ನ ತೆಗೀಲೇ ಇಲ್ವಲ್ಲ ಅಣ್ಣ, ತಪ್ಪಾಯ್ತು," ಅಂದೆ.

"ಓಗ್ಲಿ ಬುಡ್ಲಾ. ಅದ್ಕೆ ವೀಡಿಯೋ ಯಾಕೆ? ನಾನೇ ಅಗ್ದು ನುಂಗಿವ್ನಿ," ಅಂದು ಎದ್ದೋದ್ರು.

ನಿಮ್ಮ ಮನೇಲೂ ಇಂಥಾ ವೈರು ಅದಲುಬದಲಾಗಿ ಯಾರನ್ನಾದ್ರೂ ಸುಮ್ನೆ ಬೈದಿದ್ರೆ, ಬರ್ದು ಕಳ್ಸಿ. ಒಬ್ನೇ ದಡ್ಡ ಆಗಿರಕ್ಕೆ ಬೇಜಾರು.