ಮಗ್ಗ ನಿಂತಾಗ ಬರುವ ದೆವ್ವ

ಹೋದ ರವಿವಾರ ದೆವ್ವದ ಸಿನಿಮಾ ನೋಡುತ್ತ ನಾನು ಗೊರಕೆ ಹೊಡೆದೆ. ಅದೂ ಸ್ವಂತ ಮೊಮ್ಮಗಳು ತೆಗೆದ ಸಿನಿಮಾ.

ರೂಪಾ ಕಾಲೇಜಿನಲ್ಲಿ ಸಿನಿಮಾ ಕಲಿಯುತ್ತಾಳೆ. ಪರೀಕ್ಷೆಗೆಂದು ಹತ್ತು ನಿಮಿಷದ ದೆವ್ವದ ಕಥೆಯನ್ನು ವಡಗಾವಿಯ ನಮ್ಮ ಮಗ್ಗದ ಕೋಣೆಯಲ್ಲೇ ತೆಗೆದಳು. ಮೊದಲ ಸಲ ತೋರಿಸಿದಾಗ ಅದರಲ್ಲಿ ದೆವ್ವವೇ ಇರಲಿಲ್ಲ. ಪವರ್‌ಲೂಮ್ ಓಡುತ್ತಿರುತ್ತದೆ. ತಟ್ಟನೆ ನಿಲ್ಲುತ್ತದೆ. ಕೋಣೆಯಲ್ಲಿ ಯಾರೂ ಇಲ್ಲ. ಅಷ್ಟೇ. ನನ್ನ ಕೈಯಲ್ಲಿದ್ದ ಚಹಾ ಆರಿಹೋಯಿತು.

ರವಿವಾರ ಸದಾಶಿವನಗರದ ಮಗಳ ಮನೆಯಲ್ಲಿ ಮತ್ತೆ ಹಾಕಿದಳು. ಈಗ ಮಗ್ಗ ನಿಲ್ಲುವುದೇ ಇಲ್ಲ. ಸುಣ್ಣ ಬಳಿದ ಮುಖ, ಕುಂಕುಮದ ನೀರಿನ ರಕ್ತ, ಒಂದೇ ಸಮನೆ ಢಂಢಂ ಮ್ಯೂಸಿಕ್. (ಮದುವೆ ಬ್ಯಾಂಡಿನವರೂ ನಡುವೆ ಉಸಿರು ಎಳೆದುಕೊಳ್ಳುತ್ತಾರೆ.) ಎರಡನೇ ನಿಮಿಷಕ್ಕೆ ನನಗೆ ನಿದ್ದೆ.

"ಆಯಿ, ಅಂಜಿಕಿ ಬರಲಿಲ್ಲೇನ ನಿಂಗ?" ರೂಪಾಳ ಮುಖ ಸಣ್ಣದಾಗಿತ್ತು.

"ಐವತ್ತು ವರ್ಷ ಮಗ್ಗದ ಬಾಜು ಮಲಗೇನಿ. ಗದ್ದಲಕ್ಕ ನಿದ್ದಿ ಬರತೈತಿ. ಮಗ್ಗ ನಿಂತರ ಎಚ್ಚರಾಗತೈತಿ, ನೇಯೋರಿಗೆ ಏನರ ಆತೋ ಏನೋ ಅಂತ. ಆ ನಿಂತ ಮಗ್ಗ ಎಲ್ಲಿ ಹೋತ?"

"ದೆವ್ವ ಕಾಣಬೇಕಂತ, ಇಲ್ಲಂದ್ರ ಯಾರೂ ನೋಡಂಗಿಲ್ಲಂತ. ಸರ್ ಹೇಳ್ಯಾರ. ನಾಳೆ ಕೊಡೂದೈತಿ."

ಯಾರೂ ನೋಡುವುದಿಲ್ಲವೇ? ನನ್ನ ತವರು ಖಾನಾಪುರ. ಹುಡುಗಿಯಾಗಿದ್ದಾಗ ಅಲ್ಲಿ ಟೆಂಟಿನಲ್ಲಿ ಒಂದು ಕಪ್ಪು-ಬಿಳುಪು ದೆವ್ವದ ಸಿನಿಮಾ ನೋಡಿದ್ದೆ. ದೆವ್ವ ಒಮ್ಮೆಯೂ ಕಾಣಲಿಲ್ಲ. ಖಾಲಿ ತೂಗುಮಂಚ ತೂಗುತ್ತಿತ್ತು. ಯಾರೋ ಇಳಿದಂತೆ ಒಮ್ಮೆ ಕುಲುಕಿ ನಿಂತಿತು. ಟೆಂಟಿನಲ್ಲಿ ಶೇಂಗಾ ಸುಲಿಯುವ ಸದ್ದೂ ನಿಂತಿತು. ಮದುವೆಯಾಗಿ ಬಂದ ಮೇಲೂ ಅತ್ತೆಯ ತೂಗುಮಂಚದ ಮೇಲೆ ನಾನು ಕೂರಲಿಲ್ಲ. ಸೊಕ್ಕು ಎಂದರು. (ಅನ್ನಲಿ.) ಈಗಿನ ದೆವ್ವಗಳು ಥೇಟರಿನ ಬಾಗಿಲು ದಾಟುವುದಿಲ್ಲ. ಆ ಟೆಂಟಿನ ದೆವ್ವ ನನ್ನ ಗಂಡನ ಮನೆತನಕ ಬಂತು.

ನೋಡುವವರಿಗೆ ತಲೆಯೇ ಇಲ್ಲ ಎಂದು ಇವರಿಗೆ ಯಾರು ಹೇಳಿದರು? ಎಲ್ಲವನ್ನೂ ಅರೆದು ಬಾಯಿಗೆ ತುರುಕಲು ನಾವೇನು ಹಲ್ಲು ಬಾರದ ಕೂಸುಗಳೇ? (ನನಗೆ ಹಲ್ಲಿಲ್ಲ, ಅದು ಬೇರೆ ಮಾತು.)

"ಮೊದಲಿಂದನ್ನ ಕೊಡು," ಎಂದೆ.

"ಮಾರ್ಕ್ಸ್ ಕಡಿಮಿ ಬಿದ್ರ?"

"ಬೀಳ್ಲಿ. ಸಿನಿಮಾ ನಿಂದೋ, ನಿಮ್ಮ ಸರ್‌ದೋ?"

ರೂಪಾ ಲ್ಯಾಪ್‌ಟಾಪ್ ತೆಗೆದು ಕುಳಿತಳು. ಸೋಮವಾರ ಮೊದಲಿನದನ್ನೇ ಕೊಟ್ಟಳು. ಮಾರ್ಕ್ಸ್ ಕಡಿಮೆಯೇ ಬಿತ್ತು.

ಮೂರು ದಿನ ಬಿಟ್ಟು ಅದೇ ಸರ್ ಅವಳನ್ನು ಕರೆದು, ಸಣ್ಣ ದನಿಯಲ್ಲಿ ಕೇಳಿದರಂತೆ: "ಆ ಮಗ್ಗ ನಿಲ್ಲಿಸಿದ್ದು ಯಾರವ್ವಾ?"

ಮತ್ತೆ ಮಾರ್ಕ್ಸ್ ಯಾಕೆ ಕಡಿಮೆ ಕೊಟ್ಟಿರಿ, ಸರ್?