ಅವನಿಗೆ ಹೇಳಬೇಡಮ್ಮ

ಹೇರಾನಳ ಕೈಗಳನ್ನು ದೇಶದ ಸಾವಿರಾರು ಕಿವುಡರು ಬಲ್ಲರು. ಅವಳ ಹೆಸರು ಗೊತ್ತಿರುವವರು ಮಾತ್ರ ಹತ್ತು ಜನರೂ ಇರಲಿಕ್ಕಿಲ್ಲ. ಡೇಜಾನ್ ಊರಿನ ಒಂದು ಕಟ್ಟಡದ ಐದನೇ ಮಹಡಿಯಲ್ಲಿ, ನೀಲಿ ಬಟ್ಟೆ ಹೊದಿಸಿದ ಗೋಡೆಗೆ ಬೆನ್ನು ಮಾಡಿ, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಹದಿನೇಳನೇ ಕುರ್ಚಿಯಲ್ಲಿ ಕೂರುವ ‘ಹದಿನೇಳನೆಯವಳು’ ಅವಳು. ಕಿವುಡರು ಮೊಬೈಲಿನ ಪರದೆಯಲ್ಲಿ ಸನ್ನೆ ಮಾಡಿ ಹೇಳಿದ್ದನ್ನು ಅವಳು ಫೋನಿನ ಆ ಬದಿಯವರಿಗೆ ಬಾಯಲ್ಲಿ ಹೇಳುತ್ತಾಳೆ. ಅವರು ಆಡಿದ್ದನ್ನು ಇವರಿಗೆ ಕೈಯಲ್ಲಿ ಹೇಳುತ್ತಾಳೆ. ಕರಿದ ಕೋಳಿ ತರಿಸುವುದರಿಂದ ಹಿಡಿದು ಗಂಡಹೆಂಡಿರ ಬಿಡುಗಡೆಯವರೆಗೆ ಎಲ್ಲವೂ ಅವಳ ಎರಡು ಕೈ, ಒಂದು ಬಾಯಿಯ ಮೂಲಕವೇ ಆಗಬೇಕು.

ಈ ಕೆಲಸಕ್ಕೆ ಒಂದೇ ಕಟ್ಟಳೆ. ಕೇಳಿದ್ದನ್ನೆಲ್ಲ ಹೇಳಬೇಕು, ಕೇಳದ್ದನ್ನು ಹೇಳಬಾರದು. ಆ ಕಡೆಯವರು ಬೈದರೆ ಬೈಗುಳವನ್ನೂ ಹೇಳಬೇಕು, ಆಕಳಿಸಿದರೆ ಆಕಳಿಸಿದರು ಎನ್ನಬೇಕು. ‘ಇದನ್ನು ಅವರಿಗೆ ಹೇಳಬೇಡಿ’ ಎಂದರೆ ಆ ಮಾತನ್ನೂ ಸೇರಿಸಿ ಹೇಳಬೇಕು. ಮೇಲ್ವಿಚಾರಕಿ ಒಕ್ಜು ಹೊಸಬರಿಗೆಲ್ಲ ಹೇಳುವುದು ಇಷ್ಟೇ: “ನೀವು ಮನುಷ್ಯರಲ್ಲ ಕಣ್ರೇ, ತಂತಿ. ತಂತಿಗೆ ಕನಿಕರ ಬಂದ್ರೆ ಮನೆ ಸುಟ್ಟುಹೋಗತ್ತೆ.”

ಹೇರಾನಳಿಗೆ ಒಂಬತ್ತು ವರ್ಷ ಈ ಮಾತು ತಮಾಷೆಯಾಗಿಯೇ ಕೇಳಿಸಿತ್ತು. ಏಕೆಂದರೆ ಅವಳು ಹುಟ್ಟಿದ್ದೇ ತಂತಿಯಾಗಿ. ಅಪ್ಪ ಅಮ್ಮ ಇಬ್ಬರಿಗೂ ಕಿವಿ ಕೇಳದು. ಇಸ್ತ್ರಿ ಅಂಗಡಿಯ ಹಿಂದಿನ ಒಂದೇ ಕೋಣೆಯಲ್ಲಿ ಸಂಸಾರ. ಏಳನೇ ವಯಸ್ಸಿನಲ್ಲಿ ಒಂದು ಬೆಳಿಗ್ಗೆ ಮನೆಯ ಮಾಲೀಕ ಬಾಗಿಲಲ್ಲಿ ನಿಂತು, “ಈ ಮೂಗರಿಗೆ ಜಾಗ ಕೊಟ್ಟು ಕೆಟ್ಟೆ, ಹೇಳೇ ನಿಮ್ಮಪ್ಪಂಗೆ” ಎಂದು ಕೂಗಾಡಿದ. ಅವಳು ಅಪ್ಪನ ಕಡೆ ತಿರುಗಿ, ‘ಊಟ ಆಯ್ತಾ ಅಂತ ಕೇಳ್ತಿದ್ದಾರೆ’ ಎಂದು ಸನ್ನೆ ಮಾಡಿದಳು. ಅಪ್ಪ ಸೊಂಟ ಬಗ್ಗಿಸಿ ನಮಸ್ಕರಿಸಿ, ಒಳಗೆ ಬಂದು ಒಂದು ಲೋಟ ಬಾರ್ಲಿ ನೀರಾದರೂ ಕುಡಿಯಿರಿ ಎಂದು ಕರೆದ. ಮಾಲೀಕ ಪೆಚ್ಚಾಗಿ ಹೊರಟುಹೋದ. ಅಂದಿನಿಂದ ಹುಡುಗಿಗೆ ಇದೊಂದು ವಿದ್ಯೆಯೇ ಆಯಿತು. ಹೊರಗಿನ ಕಸವನ್ನೆಲ್ಲ ಹೊಸ್ತಿಲಲ್ಲೇ ಗುಡಿಸಿ, ಅಪ್ಪ ಅಮ್ಮನಿಗೆ ಒಳ್ಳೆಯದನ್ನಷ್ಟೇ ದಾಟಿಸುತ್ತಿದ್ದಳು. ಅದನ್ನು ಅವಳು ಪ್ರೀತಿ ಅಂದುಕೊಂಡಿದ್ದಳು. ಅವಳ ಜಾಗದಲ್ಲಿ ನಾವಿದ್ದರೂ ಹಾಗೇ ಅಂದುಕೊಳ್ಳುತ್ತಿದ್ದೆವು.

ಒಂದು ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆ ಪರದೆಯ ಮೇಲೆ ದಪ್ಪ ಹುಬ್ಬಿನ ಒಬ್ಬ ಗಂಡಸು ಕಾಣಿಸಿಕೊಂಡ. ಬೂಟ್ ಪಾಲಿಶ್ ಹತ್ತಿ ಕಪ್ಪಾದ ಹೆಬ್ಬೆರಳು, ಹಿಂದೆ ಗೋಡೆಗೆ ಹಳೆಯ ಪಾದರಕ್ಷೆಗಳ ಸಾಲು, ಯಾವುದೋ ಸಾರ್ವಜನಿಕ ಸ್ನಾನಗೃಹದವರು ಕೊಟ್ಟ ಕ್ಯಾಲೆಂಡರು. ಹೆಸರು ತಾಕ್ ದೊಕ್‌ಮಾನ್, ಊರು ಮೊಕ್ಪೊ.

‘ಉಲ್ಸಾನಲ್ಲಿರೋ ನನ್ನ ತಮ್ಮಂಗೆ ಮಾಡು ತಂಗಿ. ಅಮ್ಮನ್ನ ಆಸ್ಪತ್ರೆಗೆ ಸೇರಿಸಿದಾರಂತೆ. ನಾನು ಇವತ್ತೇ ಹೊರಟು ಬರ್ಲಾ ಕೇಳು. ಬಸ್ಸು ಎರಡು ಗಂಟೆಗಿದೆ’ ಎಂದು ಸನ್ನೆ ಮಾಡಿದ.

ಮೊದಲ ಸಲ ತಮ್ಮ ಫೋನು ಕತ್ತರಿಸಿದ. ಅದರಲ್ಲಿ ಹೊಸದೇನಿಲ್ಲ. ಗುರುತಿಲ್ಲದ ಹೆಣ್ಣುದನಿ ‘ಕಿವುಡರ ಪರವಾಗಿ ಮಾತಾಡ್ತಿದ್ದೀನಿ’ ಎಂದ ಕೂಡಲೇ ಹತ್ತರಲ್ಲಿ ನಾಲ್ಕು ಜನ ಇದು ದುಡ್ಡು ಹೊಡೆಯುವ ಮೋಸದ ಫೋನೆಂದು ಇಟ್ಟುಬಿಡುತ್ತಾರೆ. ಎರಡನೇ ಸಲ ಅವಳು ಒಂದೇ ಉಸಿರಿಗೆ, “ನಾನು ನಿನ್ನಣ್ಣ ದೊಕ್‌ಮಾನ್” ಎಂದಳು. ಆ ಕಡೆ ತಮ್ಮ ದೊಕ್‌ಗು ನಿಟ್ಟುಸಿರು ಬಿಟ್ಟ. ಅಣ್ಣನೊಂದಿಗೆ ಮಾತಾಡುವುದನ್ನು ಬಿಟ್ಟು ನೇರವಾಗಿ ಅವಳೊಂದಿಗೇ ಮಾತಿಗಿಳಿದ.

“ನೋಡಮ್ಮ, ಇದನ್ನ ಅವನಿಗೆ ಹೇಳಬೇಡ. ಅಮ್ಮಂದು ಇನ್ನು ಒಂದು ದಿನವೋ ಎರಡು ದಿನವೋ ಅಂದಿದಾರೆ ಡಾಕ್ಟ್ರು. ಅವನು ಹಿರೀ ಮಗ. ಬಂದ್ರೆ ತೋಳಿಗೆ ಸೂತಕದ ಪಟ್ಟಿ ಕಟ್ಟಿ ಬಂದೋರ ಮುಂದೆ ನಿಲ್ಲಿಸಲೇಬೇಕು. ನನ್ನ ಕಂಪನಿಯವರು ಬರ್ತಾರೆ, ಹೆಂಡ್ತಿ ಕಡೆಯೋರು ಬರ್ತಾರೆ. ಅಪ್ಪ ಸತ್ತಾಗ ಅವನು ಅತ್ತಿದ್ದು ಕೇಳಬೇಕಿತ್ತು ನೀನು, ದನ ಕೂಗಿದ ಹಾಗೆ. ಮಕ್ಕಳೆಲ್ಲ ಬಾಯಿಗೆ ಬಟ್ಟೆ ತುರುಕಿಕೊಂಡು ನಕ್ಕರು. ಮತ್ತೆ ಅದು ಬೇಡ. ಅಮ್ಮ ಹುಷಾರಾಗಿದಾರೆ, ಆಮೇಲೆ ತಿಳಿಸ್ತೀನಿ ಅಂದುಬಿಡು.”

ಹೇರಾನಳ ಕೈ ಗಾಳಿಯಲ್ಲೇ ನಿಂತಿತು. ಅವಳ ಅಪ್ಪನೂ ತನ್ನ ತಾಯಿ ಸತ್ತಾಗ ಹಾಗೇ ಅತ್ತಿದ್ದ. ದೊಡ್ಡಪ್ಪನ ಮಕ್ಕಳು ನಕ್ಕಿದ್ದರು. ತಾನು ಅತ್ತದ್ದು ಹೇಗೆ ಕೇಳಿಸಿತು ಎನ್ನುವುದು ಸಾಯುವವರೆಗೂ ಅಪ್ಪನಿಗೆ ತಿಳಿಯದ ಹಾಗೆ ಅವಳು ನೋಡಿಕೊಂಡಿದ್ದಳು. ಪರದೆಯಲ್ಲಿ ದೊಕ್‌ಮಾನ್ ಹುಬ್ಬೆತ್ತಿ ಕಾಯುತ್ತಿದ್ದ. ಪಕ್ಕದಲ್ಲಿ ಚೀಲ ಆಗಲೇ ಕಟ್ಟಿಟ್ಟಿತ್ತು. ದನ ಎಂಬ ಸನ್ನೆಗೆ ತಲೆಯ ಎರಡು ಬದಿಗೂ ಕೊಂಬಿನ ಹಾಗೆ ಬೆರಳಿಡಬೇಕು. ಅವಳ ಬೆರಳು ಮೇಲೇಳಲೇ ಇಲ್ಲ.

‘ಅಮ್ಮ ಹುಷಾರಾಗಿದ್ದಾರೆ. ಈಗ ಅವಸರ ಬೇಡ. ನಾನೇ ತಿಳಿಸ್ತೀನಿ’ ಎಂದು ಅವಳ ಕೈ ಹೇಳಿತು.

ದೊಕ್‌ಮಾನನ ಮುಖ ಬಿಚ್ಚಿಕೊಂಡಿತು. ‘ಸದ್ಯ! ಹಾಗಾದ್ರೆ ಭಾನುವಾರದ ಹೊತ್ತಿಗೆ ಬರ್ತೀನಿ ಅನ್ನು. ಅವನಿಗೂ ಸಾಕಾಗಿರತ್ತೆ, ಪಾಪ’ ಎಂದ. ಕರೆ ಮುಗಿಯಿತು. ನಿಯಮದಂತೆ ಇಬ್ಬರ ನಂಬರೂ ಪರದೆಯಿಂದ ಅಳಿಸಿಹೋದವು.

ಊಟದ ಹೊತ್ತಾಯಿತು. ತಾನು ಮುಚ್ಚಿಟ್ಟದ್ದು ಬೈಗುಳವನ್ನಷ್ಟೇ ಅಲ್ಲ, ಒಂದೋ ಎರಡೋ ದಿನ ಎಂಬ ಲೆಕ್ಕವನ್ನೂ ಅದರ ಜೊತೆಗೇ ನುಂಗಿದೆನಲ್ಲ ಎಂದು ಹೊಳೆದದ್ದು ಸೋಯಾ ಸಾರಿನ ಬಟ್ಟಲ ಮುಂದೆ ಕೂತಾಗ. ಚಮಚ ಕೆಳಗಿಟ್ಟು ನೇರ ಒಕ್ಜುವಿನ ಮೇಜಿಗೆ ಹೋದಳು.

“ಅಕ್ಕಾ, ಆ ಮೊಕ್ಪೊದವರ ನಂಬರು ತೆಗೆಸಿಕೊಡಿ. ನಾನು ತಪ್ಪು ಹೇಳಿಬಿಟ್ಟೆ. ಅವರ ತಾಯಿ ಸಾಯ್ತಿದಾರೆ, ಅವರಿಗೆ ಗೊತ್ತಿಲ್ಲ.”

ಒಕ್ಜುವಿನ ಮುಖ ಬಿಳುಚಿಕೊಂಡಿತು. “ನೀನಾ? ಒಂಬತ್ತು ವರ್ಷ ಆದ್ಮೇಲೆ ನೀನಾ?” ಎಂದಳು. ಆಮೇಲೆ ದನಿ ತಗ್ಗಿಸಿ, “ದಾಖಲೆ ತೆಗೆಯೋದಕ್ಕೆ ಮೇಲಿನವರ ಸಹಿ ಬೇಕು ಕಣೆ. ಬೇಗ ಅಂದ್ರೂ ಒಂದು ವಾರ. ಹೋಗಿ ಅರ್ಜಿ ಬರಿ” ಎಂದಳು.

ಒಂದು ವಾರ! ಹೇರಾನ್ ಅರ್ಜಿ ಬರೆದಳು. ಎಲ್ಲ ಕುರ್ಚಿಗಳ ಬಳಿಯೂ ಹೋಗಿ, ದಪ್ಪ ಹುಬ್ಬು, ಕಪ್ಪು ಹೆಬ್ಬೆರಳಿನವರು ಬಂದರೆ ನನಗೆ ಕೊಡಿ ಎಂದು ಕೈಮುಗಿದಳು. ಕ್ಯಾಲೆಂಡರಿನ ಮೇಲಿದ್ದ ಸ್ನಾನಗೃಹದ ಹೆಸರು ನೆನಪಿತ್ತು. ಮೊಕ್ಪೊದಲ್ಲಿ ಆ ಹೆಸರಿನವು ಮೂರು ಸಿಕ್ಕವು. ಸ್ವಂತ ಫೋನಿನಿಂದ ಒಂದೊಂದಾಗಿ ಕರೆ ಮಾಡಿದಳು.

“ನಿಮ್ಮ ಹತ್ತಿರ ಬೂಟು ಹೊಲಿಯೋ ಒಬ್ರು ಕಿವುಡರು ಇದಾರಾ? ಅವರ ತಾಯಿಗೆ ತುಂಬ ಸೀರಿಯಸ್ಸು, ದಯವಿಟ್ಟು...”

“ಓಹೋ, ಈಗ ತಾಯಿ ಕಾಯಿಲೆ ಶುರುವಾಯ್ತಾ? ಹೋದ ತಿಂಗಳು ನಿಮ್ಮೋರ ಫೋನಿನಲ್ಲಿ ನನ್ನ ಮಗ ಜೈಲಿಗೆ ಬಿದ್ದಿದ್ದ” ಎಂದಿತು ಮೂರನೇ ಸ್ನಾನಗೃಹದ ಹೆಂಗಸಿನ ದನಿ. “ನಾಚಿಕೆ ಆಗಲ್ವೇನೆ ನಿನಗೆ? ಬೇರೆ ಕೆಲಸ ಹುಡುಕ್ಕೋ.” ಮತ್ತೆ ಮಾಡಿದರೆ ಫೋನು ತಾಗಲಿಲ್ಲ. ಮೊದಲ ಎರಡು ಕಡೆಯವರು ಇಷ್ಟು ಮಾತೂ ಆಡಿರಲಿಲ್ಲ.

ಬುಧವಾರ ಹೋಯಿತು, ಗುರುವಾರ ಹೋಯಿತು. ರಜೆ ಹಾಕಿ ಮೊಕ್ಪೊದ ಬೀದಿ ಬೀದಿ ತಿರುಗಲೇ ಎಂದುಕೊಂಡಳು. ಅಷ್ಟರಲ್ಲಿ ಅವನು ಇಲ್ಲಿಗೇ ಕರೆ ಮಾಡಿದರೆ ಎಂದು ಹೆದರಿ ಕುರ್ಚಿ ಬಿಡಲಿಲ್ಲ. ಇಂಥ ಹೊತ್ತಿನಲ್ಲಿ ಏನು ಮಾಡಿದರೂ ತಪ್ಪೇ. ಪಿಜ್ಜಾ ತರಿಸುವವರು, ಬಾಡಿಗೆ ಕಾರು ಕೇಳುವವರು, ಹುಡುಗಿಯೊಡನೆ ಜಗಳಾಡುವವರು ಒಬ್ಬರ ಹಿಂದೊಬ್ಬರು ಬಂದರು. ಪರದೆ ಬೆಳಗಿದಾಗಲೆಲ್ಲ ಅವಳು ಮೊದಲು ಹುಬ್ಬು ನೋಡುತ್ತಿದ್ದಳು.

ಶನಿವಾರ ಮಧ್ಯಾಹ್ನ ನಾಲ್ಕನೇ ಕುರ್ಚಿಯ ಹಿಂದೆ ನಿಂತಿದ್ದ ಒಕ್ಜು ಎರಡೂ ಕೈ ಬೀಸಿ ಕರೆದಳು. ಕಟ್ಟಳೆ ಬಿಡದ ಅವಳೇ ಆ ಕುರ್ಚಿಯ ಹುಡುಗಿಯನ್ನು ಎಬ್ಬಿಸಿ ಹೇರಾನಳನ್ನು ಕೂರಿಸಿದಳು.

ದೊಕ್‌ಮಾನ್ ನಗುತ್ತಿದ್ದ. ‘ಓ, ನೀನೇನಾ! ತಮ್ಮನಿಂದ ಸುದ್ದೀನೇ ಇಲ್ಲ ನೋಡು. ನಾಳೆ ಬೆಳಿಗ್ಗೆ ಬಸ್ಸಿಗೆ ಬರ್ತಿದ್ದೀನಿ ಅನ್ನು. ಅಮ್ಮಂಗೆ ಒಣಮೀನು ಕಟ್ಟಿಸಿದೀನಿ, ಈಗ ಅಗಿಯೋಕಾಗತ್ತಾ ಕೇಳು.’

ಹೇರಾನಳಿಗೆ ಅಲ್ಲೇ ಎಲ್ಲ ಹೇಳಿಬಿಡಬೇಕೆನಿಸಿತು. ಏನೆಂದು ಹೇಳುವುದು? ಆ ಕಡೆ ಏನಾಗಿದೆಯೋ ಅವಳಿಗೂ ಗೊತ್ತಿರಲಿಲ್ಲ. ನಂಬರು ಒತ್ತಿದಳು. ಎತ್ತಿದ್ದು ತಮ್ಮನ ಹೆಂಡತಿ. ಹೇರಾನ್, “ನಾನು ದೊಕ್‌ಮಾನ್” ಎಂದಳು.

“ಭಾವಾ?” ಎಂದಳು ಆಕೆ. ದನಿಯಲ್ಲಿ ಸಿಟ್ಟಿತ್ತು, ಅದರ ಅಡಿಯಲ್ಲಿ ಅಳುವಿತ್ತು. “ಈಗ ನೆನಪಾಯ್ತಾ ಭಾವಾ? ಅತ್ತೆ ಬುಧವಾರ ಬೆಳಿಗ್ಗೆ ಹೋದ್ರು. ನಿನ್ನೆ ಮಣ್ಣು ಮಾಡಿದ್ವಿ. ನಿಮಗೆ ತಿಳಿಸಿದೆ, ನೀವೇ ಬರಲ್ಲ ಅಂದ್ರಿ ಅಂತ ಹೇಳಿದ್ರಲ್ಲ ಇವರು? ಬಂದೋರೆಲ್ಲ ಹಿರೀ ಮಗ ಎಲ್ಲಿ ಅಂತ ಕೇಳಿ ಕೇಳಿ... ಅತ್ತೆ ಕೊನೇ ದಿನ ಪೂರ್ತಿ ಬಾಗಿಲ ಕಡೆಗೇ ನೋಡ್ತಿದ್ರು. ಯಾರೇ ಒಳಗೆ ಬಂದ್ರೂ ಎರಡೂ ಕೈ ಎತ್ತಿ ಏನೋ ಸನ್ನೆ ಮಾಡೋರು. ನಮಗ್ಯಾರಿಗೂ ಅರ್ಥ ಆಗಲಿಲ್ಲ.”

ಈ ಸಲ ಹೇರಾನ್ ಒಂದು ಮಾತನ್ನೂ ಬಿಡಲಿಲ್ಲ. ಸತ್ತದ್ದು ಹೇಳಿದಳು, ಮಣ್ಣು ಮಾಡಿದ್ದು ಹೇಳಿದಳು, ಬಾಗಿಲು ಹೇಳಿದಳು. ಮುದುಕಿ ಎರಡೂ ಕೈ ಎತ್ತಿದ್ದನ್ನು ತನ್ನ ಎರಡೂ ಕೈ ಎತ್ತಿ ಹೇಳಿದಳು. ಕೆನ್ನೆಯ ಮೇಲೆ ನೀರಿಳಿಯುತ್ತಿತ್ತು. ಒರೆಸಿಕೊಳ್ಳಲು ಕೈಗೆ ಬಿಡುವಿರಲಿಲ್ಲ. ಆ ಕಡೆ ಫೋನು ಇಟ್ಟ ಸದ್ದಾಯಿತು. ‘ಇಟ್ಟರು’ ಎಂದಳು.

ದೊಕ್‌ಮಾನ್ ಒಣಮೀನಿನ ಕಟ್ಟನ್ನು ಪಕ್ಕಕ್ಕೆ ಸರಿಸಿದ. ಆಮೇಲೆ, ‘ಮಂಗಳವಾರ ನನ್ನ ತಮ್ಮ ಏನಂದ?’ ಎಂದು ಕೇಳಿದ.

ಮುಗಿದ ಕರೆಯ ಮಾತು ಮತ್ತೆ ಆಡಕೂಡದು. ಹಿಂದೆ ನಿಂತಿದ್ದ ಒಕ್ಜು ಬೇಡ ಎನ್ನಲಿಲ್ಲ. ಹೇರಾನ್ ಮೊದಲಿನಿಂದ ಹೇಳಿದಳು. ಇದನ್ನು ಅವನಿಗೆ ಹೇಳಬೇಡಮ್ಮ ಎಂಬಲ್ಲಿಂದ ಹಿಡಿದು, ಒಂದೋ ಎರಡೋ ದಿನ, ಕಂಪನಿಯವರು, ಹೆಂಡತಿ ಕಡೆಯವರು. ತಲೆಯ ಎರಡೂ ಬದಿಗೆ ಬೆರಳಿಟ್ಟು ದನವನ್ನೂ ಹೇಳಿದಳು. ಕೊನೆಗೆ, ‘ಹುಷಾರಾಗಿದ್ದಾರೆ ಅಂತ ಹೇಳು ಅಂದಿದ್ದು ಅವರು, ಹೇಳಿದ್ದು ನಾನು. ನಿಮಗೆ ನೋವಾಗತ್ತೆ ಅಂತ’ ಎಂದಳು.

‘ದನದ ಮಾತಾ?’ ಎಂದ ದೊಕ್‌ಮಾನ್. ‘ಅದನ್ನ ಅವನು ಹತ್ತು ವರ್ಷದವನಿದ್ದಾಗಿಂದ ಹೇಳ್ತಿದಾನೆ. ಅವನ ತುಟಿ ನಂಗೆ ಓದೋಕೆ ಬರಲ್ವಾ? ನಾನು ಬಾಯಿ ಮುಚ್ಚಿಕೊಂಡೇ ಅಳಬಲ್ಲೆ ತಂಗಿ. ಹಲ್ಲು ಕಚ್ಚಿ ಮೂಲೇಲಿ ನಿಂತು ಅತ್ತು ಬರ್ತಿದ್ದೆ. ಅವನು ಬೈದಿದ್ರಿಂದ ನಾನು ಯಾವತ್ತೂ ಹೋಗದೇ ನಿಂತಿಲ್ಲ. ನೀನು ಒಳ್ಳೇ ಮಾತು ಹೇಳಿದೆ, ಅದಕ್ಕೆ ನಿಂತುಬಿಟ್ಟೆ.’

ಹೇರಾನ್ ತಲೆ ತಗ್ಗಿಸಿದಳು. ತಗ್ಗಿಸಿದರೆ ಅವನ ಮಾತು ಕಾಣಿಸುವುದಿಲ್ಲ. ಆದ್ದರಿಂದ ಮತ್ತೆ ಎತ್ತಲೇಬೇಕಾಯಿತು.

‘ಮತ್ತೆ ಫೋನು ಹಚ್ಚು. ಎಲ್ಲಿ ಹೂಳಿದಾರೆ ಕೇಳು.’

ಹಚ್ಚಿದಳು. ‘ರಿಂಗ್ ಆಗ್ತಿದೆ’ ಎಂದಳು. ಸನ್ನೆಯಲ್ಲಿ ಮಾತಾಡುವವರು ನೋಡುವುದು ಎದುರಿನವರ ಮುಖವನ್ನು, ಕೈ ತಾನಾಗಿಯೇ ಕಣ್ಣಿಗೆ ಬೀಳುತ್ತದೆ. ದೊಕ್‌ಮಾನ್ ಅವಳ ಮುಖದಿಂದ ಕಣ್ಣು ತೆಗೆದು ಬರೀ ಕೈಗಳನ್ನೇ ನೋಡುತ್ತ ಕೂತಿದ್ದ. ಅವಳು ಮತ್ತೊಮ್ಮೆ, ‘ರಿಂಗ್ ಆಗ್ತಿದೆ. ಯಾರೂ ಎತ್ತುತ್ತಿಲ್ಲ’ ಎಂದಳು.